ಪಾರ್ಸೆಲ್‌ನಲ್ಲಿ ಬಂದ ಹಳೆಯ ಬಟ್ಟೆ

ನಿಮ್ಮ ಮನೆಗೆ ಅಂಚೆಯವನು ಒಂದು ಪಾರ್ಸೆಲ್ ತಂದುಕೊಟ್ಟನೆಂದು ಇಟ್ಟುಕೊಳ್ಳಿ. ಬಿಳಿ ಬಟ್ಟೆಯಲ್ಲಿ ಸುತ್ತಿ ನಾಲ್ಕೂ ಕಡೆ ಸೂಜಿಯಿಂದ ಹೊಲಿದಿದ್ದಾರೆ. ವಿಳಾಸ ನಿಮ್ಮದು, ಅಕ್ಷರ ಗೆಳತಿಯದು. ಮಕ್ಕಳು ಸುತ್ತಲೂ ಕುಳಿತಿದ್ದಾರೆ. ಅತ್ತೆಯವರು ಅಡುಗೆ ಮನೆಯಿಂದಲೇ ಕತ್ತು ಚಾಚಿ ನೋಡುತ್ತಿದ್ದಾರೆ. ಕತ್ತರಿ ತಂದು ಹೊಲಿಗೆ ಬಿಚ್ಚುತ್ತೀರಿ. ಒಳಗೆ ಹಳೆಯ ಬಟ್ಟೆಯ ತುಂಡುಗಳು! ಮಾಸಿದ ಲಂಗದ ಅಂಚು, ಶಾಲೆಯ ಸಮವಸ್ತ್ರದ ಬೆನ್ನು, ಯಾರದೋ ಅಂಗಿಯ ತೋಳು. ಪ್ರಾಮಾಣಿಕವಾಗಿ ಹೇಳಿ ಸಹೋದರಿ, ಆಗ ನಿಮಗೆ ಏನನ್ನಿಸುತ್ತದೆ?

ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ನಾಚಿಕೆಯಾಯಿತು. ಅತ್ತೆಯವರ ಮುಂದೆ ಆ ತುಂಡುಗಳನ್ನು ಗಬಕ್ಕನೆ ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಒಂದೇ ಮಾತು ಕೇಳಿದರು: “ನಮ್ಮ ಮನೆಯಲ್ಲಿ ಚಿಂದಿಗೂ ಬರಗಾಲವೇ?”

ಇದು 2009ರ ಮಾತು. ಪಾರ್ಸೆಲ್ ಬಂದದ್ದು ಅರಕಲಗೂಡಿನಿಂದ. ಆ ದಿನದಿಂದ ಈ ದಿನದವರೆಗೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ನಾವು ನಾಲ್ವರು ಹೆಂಗಸರು ಕೌದಿಯ ಬಟ್ಟೆ, ಕಾಗದದ ನಮೂನೆ, ಹೊಲಿಗೆಯ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾ ಬಂದಿದ್ದೇವೆ. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತ್ರ ನಿಂತಿತ್ತು. ನಿಂತದ್ದು ನನ್ನಿಂದ. ಆ ಕಥೆ ಮುಂದೆ ಹೇಳುತ್ತೇನೆ.

ನಾವು ಗೆಳತಿಯರಾದದ್ದೂ ಒಂದು ರೀತಿಯಲ್ಲಿ ಅಂಚೆಯಿಂದಲೇ. ಮದ್ರಸದ ಶಿಕ್ಷಣ ಮುಗಿಸಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ನನಗೆ ಬಿ.ಎ. ಮಾಡುವ ಆಸೆ ಹುಟ್ಟಿತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಪಾಠದ ಪುಸ್ತಕಗಳು ಕಟ್ಟು ಕಟ್ಟಾಗಿ ಅಂಚೆಯಲ್ಲಿ ಬರುತ್ತಿದ್ದವು. ವರ್ಷಕ್ಕೊಮ್ಮೆ ಸಂಪರ್ಕ ತರಗತಿಗೆ ಮೈಸೂರಿಗೆ ಹೋಗಬೇಕಿತ್ತು. ಹಾಸನದಲ್ಲಿ ನಾನು ರೈಲು ಹತ್ತಿದರೆ ಹೊಳೆನರಸೀಪುರದಲ್ಲಿ ಒಬ್ಬಳು ಹತ್ತುತ್ತಿದ್ದಳು. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಸಂಸಾರ ತೂಗಿಸುತ್ತಿದ್ದವಳು. ಚನ್ನರಾಯಪಟ್ಟಣದವಳು ಬಸ್ಸಿನಲ್ಲಿ ಬರುತ್ತಿದ್ದಳು. ಗೌಡರ ಮನೆಯ ಹೆಣ್ಣುಮಗಳು, ತೆಂಗಿನ ತೋಟದವರು. ಅರಕಲಗೂಡಿಗೆ ರೈಲಿಲ್ಲ, ಅಲ್ಲಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದವರು ನಮಗೆಲ್ಲ ಹಿರಿಯರು, ನಾವು ‘ಆಪಾ’ ಎಂದು ಕರೆಯುತ್ತಿದ್ದೆವು. ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡಾದ ಮೇಲೆ ಎಲ್ಲರೂ ನೋಟ್ಸ್ ತಿರುವಿದರೆ ಆಪಾ ಕೈಚೀಲದಿಂದ ಅಂಗೈಯಗಲದ ಬಟ್ಟೆ ತೆಗೆದು ಸೂಜಿ ಪೋಣಿಸುತ್ತಿದ್ದರು. ಪರೀಕ್ಷೆಯಲ್ಲಿ ನಮಗೆಲ್ಲರಿಗಿಂತ ಹೆಚ್ಚು ಅಂಕ ಬಂದದ್ದೂ ಅವರಿಗೇ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಗೋದಡಿ, ಕೌದಿ, ಕವಂದ್

ನಮ್ಮ ಮನೆಮಾತಿನಲ್ಲಿ ಅದು ಗೋದಡಿ. ಕನ್ನಡದಲ್ಲಿ ಕೌದಿ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಊರು. ಪುಷ್ಯದ ರಾತ್ರಿಯಲ್ಲಿ ಇಲ್ಲಿ ಮಲಗಿ ನೋಡಿದವರಿಗೆ ಕೌದಿಯ ಬೆಲೆ ಹೇಳಬೇಕಿಲ್ಲ. ಐದೂವರೆ ಮೀಟರಿನ ಒಂದು ಹಳೆಯ ಹತ್ತಿ ಸೀರೆಯನ್ನು ಮೂರು ಮಡಿಕೆ ಮಾಡಿದರೆ ಒಬ್ಬರು ಹೊದೆಯುವಷ್ಟು ಉದ್ದಗಲ ಸಿಗುತ್ತದೆ. ಅದು ಅಡಿಪಾಯ. ಅದರ ಮೇಲೆ ತುಂಡುಗಳನ್ನು ಹರಡಿ, ಅಂಚು ಒಳಕ್ಕೆ ಮಡಚಿ, ಸಾಲು ಸಾಲಾಗಿ ಸಣ್ಣ ಹೊಲಿಗೆ ಹಾಕುತ್ತಾ ಹೋಗುವುದು. ಹೊಲಿಗೆ ಒತ್ತಾಗಿದ್ದಷ್ಟೂ ಪದರಗಳು ಒಂದಕ್ಕೊಂದು ಕೂಡಿಕೊಂಡು ಕೌದಿ ಬಾಳುತ್ತದೆ, ಗಾಳಿಯನ್ನು ತಡೆಯುತ್ತದೆ. ಹತ್ತಿ ತುಂಬಿದ ರಜಾಯಿಯನ್ನು ಮನೆಯಲ್ಲಿ ಒಗೆಯಲಾಗದು. ಕೌದಿಯನ್ನು ಕಲ್ಲಿನ ಮೇಲೆ ಬಡಿದು ಒಗೆಯಬಹುದು. ಎಳೆಮಗುವಿರುವ ಮನೆಗೆ ಇದಕ್ಕಿಂತ ಬೇರೆ ಏನು ಬೇಕು?

ನಮ್ಮ ರಾಜ್ಯದಲ್ಲಿ ಈ ಕೈಕೆಲಸ ಇಂದಿಗೂ ಬಹಳ ಚೆನ್ನಾಗಿ ಉಳಿದಿರುವುದು ಉತ್ತರ ಕನ್ನಡದ ಸಿದ್ದಿ ಹೆಂಗಸರಲ್ಲಿ. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಿನಂಚಿನ ಹಳ್ಳಿಗಳಲ್ಲಿರುವ ಈ ಜನರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. ಕೌದಿಯನ್ನು ಅವರು ಕವಂದ್ ಎನ್ನುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ ಅಂಚಿನ ಉದ್ದಕ್ಕೂ ಹೊಲಿಯುತ್ತಾ ನಾಲ್ಕೂ ಸುತ್ತು ಬಂದು ಕೊನೆಗೆ ನಡುವಿಗೆ ಬಂದು ಮುಗಿಸುತ್ತಾರೆ. ನಮೂನೆ ಎಂದು ಮೊದಲೇ ಗೆರೆ ಎಳೆಯುವುದಿಲ್ಲ. ಕೈಗೆ ಸಿಕ್ಕ ತುಂಡೇ ಮುಂದಿನ ತುಂಡನ್ನು ಕರೆಯುತ್ತದೆ. ಮುಸ್ಲಿಮ್ ಸಿದ್ದಿ ಹೆಂಗಸರು ಕೆಲವೊಮ್ಮೆ ಚಂದ್ರನನ್ನೂ ಮಸೀದಿಯನ್ನೂ ಹೊಲಿದರೆ ಕ್ರೈಸ್ತರು ಶಿಲುಬೆ ಹೊಲಿಯುತ್ತಾರೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೆ ಮುಕ್ಕೋನದ ಮಡಿಕೆಗಳನ್ನು ಹಚ್ಚುತ್ತಾರೆ. ಅದರ ಹೆಸರು ‘ಫೂಲ’. ಫೂಲ ಇಲ್ಲದ ಕವಂದ್ ಅವರ ಕಣ್ಣಿಗೆ ಬೆತ್ತಲೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೆಂಗಸರ ಕೆಲಸ ಕಂಡು ಅಚ್ಚರಿಪಟ್ಟವರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವರ ಕವಂದ್‌ಗಳ ಪ್ರದರ್ಶನವಾಯಿತು. ನಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿದಾಗ, “ಅಷ್ಟು ದೂರ ಹೋಗಿ ತೂಗುಹಾಕುವುದೇಕೆ, ಹೊದೆಯಲಿಕ್ಕಲ್ಲವೇ ಅದು?” ಎಂದರು. ಅವರ ಮಾತೂ ಸರಿಯೇ. ಆದರೆ ಅಂದಿನಿಂದ ಅವರು ಚಿಂದಿ ಎನ್ನುವುದನ್ನು ಬಿಟ್ಟರು, ‘ತುಂಡು’ ಎನ್ನತೊಡಗಿದರು.

ಬಂಗಾಳದ ಮುಸ್ಲಿಮ್ ಮನೆಗಳಲ್ಲಿ ಇದೇ ಕೆಲಸಕ್ಕೆ ಕಾಂಥಾ ಎನ್ನುತ್ತಾರೆ. ಹಳೆಯ ಸೀರೆಯ ಅಂಚಿನಿಂದಲೇ ಬಣ್ಣದ ದಾರ ಎಳೆದು, ಹಳೆಯ ಸೀರೆಯ ಮೇಲೇ ಚಿತ್ರ ಹೊಲಿಯುತ್ತಾರೆ. ಕವಿ ಜಸೀಮುದ್ದೀನ್ 1929ರಲ್ಲಿ ಬರೆದ ‘ನಕ್ಷಿ ಕಾಂಥಾರ್ ಮಾಠ್’ ಎಂಬ ಕಥನಕಾವ್ಯದ ನಾಯಕಿ ತನ್ನ ಬಾಳಿನ ದುಃಖವನ್ನೆಲ್ಲ ಒಂದು ಕಾಂಥಾದಲ್ಲಿ ಹೊಲಿದು, ಅದನ್ನು ತನ್ನ ಸಮಾಧಿಯ ಮೇಲೆ ಹಾಸಲು ಹೇಳುತ್ತಾಳೆ. ಮಾತಿನಲ್ಲಿ ಹೇಳಲಾಗದ್ದನ್ನು ಹೆಂಗಸು ಬಟ್ಟೆಯಲ್ಲಿ ಹೇಳುತ್ತಾಳೆ ಎಂಬುದು ಆ ಕವಿಗೆ ತಿಳಿದಿತ್ತು. ನನಗೆ ತಿಳಿಯಲು ಬಹಳ ಕಾಲ ಬೇಕಾಯಿತು.

ನನ್ನಿಂದಾದ ತಪ್ಪು

ಆಪಾರ ಮೊದಲ ಪಾರ್ಸೆಲ್‌ಗೆ ಮತ್ತೆ ಬರೋಣ. ಅದರಲ್ಲಿ ಮೂವತ್ತೋ ನಲವತ್ತೋ ತುಂಡುಗಳಿದ್ದವು. ಎಲ್ಲವನ್ನೂ ಒಗೆದು, ಇಸ್ತ್ರಿ ಮಾಡಿ, ಬಣ್ಣದ ಪ್ರಕಾರ ಜೋಡಿಸಿ, ತೆಳ್ಳನೆಯ ನೂಲಿನಲ್ಲಿ ಕಟ್ಟಿದ್ದರು. ಜೊತೆಗೆ ಹಳೆಯ ಕ್ಯಾಲೆಂಡರ್ ಕಾಗದದಲ್ಲಿ ಕತ್ತರಿಸಿದ ಮೂರು ನಮೂನೆಗಳು: ಒಂದು ಚೌಕ, ಒಂದು ಮುಕ್ಕೋನ, ಒಂದು ಹೂವಿನ ಎಸಳು. ಬಟ್ಟೆಗೆ ಸ್ವಲ್ಪ ಹೊಗೆಯ ವಾಸನೆಯಿತ್ತು. ಅರಕಲಗೂಡಿನ ಕಡೆ ತಂಬಾಕು ಬೆಳೆಯುತ್ತಾರಲ್ಲ, ಎಲೆ ಹದಮಾಡುವ ಕಾಲದಲ್ಲಿ ಆ ವಾಸನೆ ಊರಿಗೂರನ್ನೇ ಹಿಡಿದಿರುತ್ತದೆ. ಪತ್ರವೇನೂ ಇರಲಿಲ್ಲ.

ನಾನು ಏನು ಮಾಡಿದೆ ಗೊತ್ತೇ? ಆ ವಾರವೇ ಹಾಸನದ ಅಂಗಡಿಗೆ ಹೋಗಿ ಆರು ಮೀಟರ್ ಹೊಸ ಬಟ್ಟೆ ಕೊಂಡೆ. ಎರಡು ಮೀಟರಿನಂತೆ ಮೂರು ಬಣ್ಣ. ಬಿಲ್ಲನ್ನು ತೆಗೆದಿಡುವ ಎಚ್ಚರವೂ ಇರಲಿಲ್ಲ. ಅದು ಬಟ್ಟೆಯ ಮಡಿಕೆಯಲ್ಲೇ ಹೋಗಿಬಿಟ್ಟಿತು. ಪಾರ್ಸೆಲ್ ಕಟ್ಟಿ ಅಂಚೆಗೆ ಹಾಕಿ, ಭಾರ ಇಳಿದಂತೆ ಮನೆಗೆ ಬಂದೆ. ನನ್ನ ಮೇಲೆ ಯಾರ ಋಣವೂ ಇರಬಾರದೆಂಬ ಹೆಮ್ಮೆ. ಅದನ್ನೇ ನಾನು ಅಂದು ಔದಾರ್ಯ ಎಂದುಕೊಂಡಿದ್ದೆ.

ಆಪಾರಿಂದ ಉತ್ತರ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಫೋನು ಮಾಡಿದರೆ ಚುಟುಕಾಗಿ ಸಲಾಮ್ ಹೇಳಿ ಮಕ್ಕಳ ಸುದ್ದಿ ಕೇಳಿ ಇಟ್ಟುಬಿಡುತ್ತಿದ್ದರು. ಈದ್‌ಗೂ ಹಾಗೆಯೇ. ವರ್ಷ ದಾಟಿದ ಮೇಲೆ ಹೊಳೆನರಸೀಪುರದ ಗೆಳತಿ ಬಾಯಿಬಿಟ್ಟಳು. ಆಪಾ ಅವಳೊಡನೆ ಹೇಳಿದ್ದರಂತೆ: “ನನ್ನ ಚಿಂದಿಗೆ ಅವಳು ಬಿಲ್ ಚುಕ್ತಾ ಮಾಡಿ ಕಳಿಸಿದಳಲ್ಲ!”

ಆಗ ನಾನು ಟ್ರಂಕಿನಿಂದ ಆ ತುಂಡುಗಳನ್ನು ಮತ್ತೆ ತೆಗೆದು ನೋಡಿದೆ. ಈ ಸಲ ಸರಿಯಾಗಿ ನೋಡಿದೆ. ಪ್ರತಿಯೊಂದು ತುಂಡಿನ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು. ‘ದೊಡ್ಡವನು, ಮೂರನೇ ಕ್ಲಾಸು.’ ‘ಅಮ್ಮೀಜಾನ್ ಅಡುಗೆ ಸೀರೆ.’ ‘ನಾನು, ಮದುವೆಯ ಮಾರನೆಯ ದಿನ.’ ಪತ್ರವಿಲ್ಲವೆಂದು ನಾನು ಅಂದುಕೊಂಡಿದ್ದೆ. ನಲವತ್ತು ಪತ್ರಗಳಿದ್ದವು, ನಾನು ಒಂದನ್ನೂ ಓದಿರಲಿಲ್ಲ.

ನೆರೆಯವಳು ಕೊಟ್ಟ ಕಾಣಿಕೆಯನ್ನು, ಅದು ಕುರಿಯ ಗೊರಸೇ ಆಗಿದ್ದರೂ ಕೀಳಾಗಿ ಕಾಣಬಾರದೆಂದು ಪ್ರವಾದಿವರ್ಯರು(ಸ) ಮುಸ್ಲಿಮ್ ಸ್ತ್ರೀಯರನ್ನೇ ಕರೆದು ಹೇಳಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಅದು. ಮದ್ರಸದಲ್ಲಿ ಕಲಿತಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ. ಕೊಡುವವಳಿಗೆ ಧೈರ್ಯ ಹೇಳುವ ಮಾತೆಂದು ಅಷ್ಟು ವರ್ಷ ಅರ್ಥ ಮಾಡಿಕೊಂಡಿದ್ದೆ. ತೆಗೆದುಕೊಳ್ಳುವ ಕೈಗೂ ಅದು ಬುದ್ಧಿ ಹೇಳುತ್ತದೆಂದು ಹೊಳೆದಿರಲಿಲ್ಲ.

ಇನ್ನೇನು ಮಾಡುವುದು? ಹೊಲಿಯಲು ಕುಳಿತೆ. ಆದರೆ ಅಲ್ಲೂ ಒಂದು ಜಾಣತನ ತೋರಿದೆ. ಆಪಾರ ತುಂಡುಗಳ ನಡುನಡುವೆ ಒಂದಿಷ್ಟು ಹೊಸ ಬಟ್ಟೆಯನ್ನು ಸೇರಿಸಿದರೆ ಚೆಂದ ಕಾಣುತ್ತದೆಂದು ಕೋರಾ ಬಟ್ಟೆ ತಂದು, ಒಗೆಯದೆಯೇ ಕತ್ತರಿಸಿ ಹೊಲಿದೆ. ನಾಲ್ಕು ತಿಂಗಳ ಕೆಲಸ. ಮುಗಿಸಿ, ಒಗೆದು ಒಣಹಾಕಿದರೆ ಕೌದಿ ಸುಕ್ಕುಸುಕ್ಕಾಗಿ ಮುದುಡಿ ಕೂತಿತ್ತು. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಹಳೆಯದು ಕುಗ್ಗುವಷ್ಟು ಎಂದೋ ಕುಗ್ಗಿ ಮುಗಿಸಿರುತ್ತದೆ. ಹೊಸದು ಎಳೆದ ಎಳೆತಕ್ಕೆ ಹಳೆಯ ತುಂಡುಗಳು ಹೊಲಿಗೆಯ ಬುಡದಲ್ಲೇ ಹರಿದಿದ್ದವು. ‘ಅಮ್ಮೀಜಾನ್ ಅಡುಗೆ ಸೀರೆ’ ಎರಡು ಕಡೆ ಬಿಟ್ಟುಕೊಂಡಿತ್ತು.

ಅದನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಭಾನುವಾರ ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ. ಆಪಾ ಬಾಗಿಲು ತೆರೆದರು, ಕೌದಿಯನ್ನು ನೋಡಿದರು, ಮಗುಚಿ ಹಿಂಭಾಗ ನೋಡಿದರು. ಕ್ಷಮೆಯ ಮಾತನ್ನು ನಾನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಅದನ್ನು ಹೇಳಲು ಬಿಡಲೇ ಇಲ್ಲ.

“ಹೊಸ ಬಟ್ಟೆ ನೀರಿಗೆ ಹಾಕಿದ್ದೆಯೇನೇ?”

“ಇಲ್ಲ ಆಪಾ.”

“ಬಿ.ಎ. ಮಾಡಿದ್ದೀಯ!” ಎಂದರು. ಕತ್ತರಿ ತಂದು ನನ್ನ ಕೈಗೆ ಕೊಟ್ಟರು. ಸಂಜೆಯವರೆಗೆ ಇಬ್ಬರೂ ಎದುರುಬದುರು ಕುಳಿತು ಹೊಸ ತುಂಡುಗಳನ್ನೆಲ್ಲ ಬಿಚ್ಚಿ ತೆಗೆದೆವು. ಹರಿದ ಜಾಗಕ್ಕೆ ಅವರು ತಮ್ಮ ಟ್ರಂಕಿನಿಂದ ಬೇರೆ ತುಂಡು ಕೊಟ್ಟರು. ನಾನು ಕಳಿಸಿದ್ದ ಆರು ಮೀಟರ್? ಅದು ಕಟ್ಟು ಬಿಚ್ಚದೆ ಅದೇ ಟ್ರಂಕಿನ ತಳದಲ್ಲಿತ್ತು. ಆಮೇಲೆ ಅದರಲ್ಲಿ ಅವರ ಮಗಳಿಗೆ ಮೂರು ಚೂಡಿದಾರ್ ಆದವು. ಆ ಚೂಡಿದಾರ್‌ಗಳು ಹಳೆಯದಾದ ಮೇಲೆ, ಐದಾರು ವರ್ಷದ ನಂತರ, ತುಂಡುಗಳಾಗಿ ನನಗೇ ಬಂದವು. ಮೂಲೆಯಲ್ಲಿ ಬರೆದಿತ್ತು: ‘ನಿನ್ನದೇ, ಬಿಲ್ ಇಲ್ಲ.’

ಬಟ್ಟೆಯ ಮೇಲೆ ಹೆಸರು

ಬಟ್ಟೆಯ ತುಂಡನ್ನು ಅಂಚೆಯಲ್ಲಿ ಕಳಿಸುವ ಹುಚ್ಚು ನಮ್ಮೊಬ್ಬರದೇ ಎಂದುಕೊಂಡಿದ್ದೆ. ಹಾಗಲ್ಲ ಎಂದು ಒಂದು ಪುಸ್ತಕದಿಂದ ತಿಳಿಯಿತು. ಹೊಳೆನರಸೀಪುರದವಳ ತಂಗಿ ದಮ್ಮಾಮಿನಲ್ಲಿದ್ದಾಳೆ. ಅಲ್ಲಿಂದ ಊರಿಗೆ ಬರುವಾಗ ಇಂಗ್ಲಿಷಿನ ಒಂದು ಹೊಲಿಗೆ ಪುಸ್ತಕ ತಂದಿದ್ದಳು. ಅದು ನಾಲ್ಕೂ ಮನೆಗಳನ್ನು ಸುತ್ತಿ ಹಾಳೆ ಸಡಿಲವಾಗಿ ಈಗ ನನ್ನ ಬಳಿಯಿದೆ. ಅಮೆರಿಕದಲ್ಲಿ 1840ರ ದಶಕದಲ್ಲಿ ಒಂದು ಪದ್ಧತಿ ಬಹಳ ಜನಪ್ರಿಯವಾಗಿತ್ತು. ಊರು ಬಿಟ್ಟು ದೂರದ ಪಶ್ಚಿಮಕ್ಕೆ ಹೊರಟ ಗೆಳತಿಗೆ ಉಳಿದ ಹೆಂಗಸರು ಒಬ್ಬೊಬ್ಬರೂ ಒಂದೊಂದು ಚೌಕ ಹೊಲಿದು, ಅಳಿಸಿಹೋಗದ ಶಾಯಿಯಲ್ಲಿ ತಮ್ಮ ಹೆಸರು ಬರೆದು ಕೊಡುತ್ತಿದ್ದರು. ಬೇರೆ ಊರಿನಲ್ಲಿದ್ದವರು ಅಂಚೆಯಲ್ಲಿ ಕಳಿಸುತ್ತಿದ್ದರು. ಎಲ್ಲವನ್ನೂ ಜೋಡಿಸಿ ಒಂದು ಹೊದಿಕೆ. ಮತ್ತೆ ಭೇಟಿಯಾಗುವ ಭರವಸೆಯಿಲ್ಲದ ಕಾಲ; ಗೆಳತಿಯರ ಹೆಸರುಗಳನ್ನು ಹೊದ್ದು ಮಲಗುವುದು ಎಂದರೆ ಹೇಗಿರಬೇಕು ಯೋಚಿಸಿ.

ಅಲ್ಲಿನ ‘ಕಾನ್ಸಾಸ್ ಸಿಟಿ ಸ್ಟಾರ್’ ಎಂಬ ಪತ್ರಿಕೆ 1928ರಿಂದ 1961ರವರೆಗೆ ಸಾವಿರಕ್ಕೂ ಹೆಚ್ಚು ಕೌದಿ ನಮೂನೆಗಳನ್ನು ಮುದ್ರಿಸಿತು. ಅವುಗಳಲ್ಲಿ ಎಷ್ಟೋ ಓದುಗ ಹೆಂಗಸರೇ ಕಳಿಸಿಕೊಟ್ಟವು. ಹಳ್ಳಿಯ ರೈತ ಹೆಂಗಸರು ಅವನ್ನು ಕತ್ತರಿಸಿ ಡಬ್ಬಿಯಲ್ಲಿ ಕೂಡಿಡುತ್ತಿದ್ದರಂತೆ. ಬಡತನದ ಆ ವರ್ಷಗಳಲ್ಲಿ ಹಿಟ್ಟಿನ, ಕೋಳಿ ಆಹಾರದ ಕಂಪೆನಿಗಳು ಹತ್ತಿಯ ಚೀಲಗಳ ಮೇಲೆ ಹೂವು ಬಳ್ಳಿ ಅಚ್ಚುಹಾಕಿ ಮಾರಿದವು. ಒಂದೇ ಚಿತ್ರದ ಚೀಲಗಳು ಸಾಕಷ್ಟು ಸಿಗಲೆಂದು ಹೆಂಗಸರು ತಮ್ಮತಮ್ಮಲ್ಲೇ ಚೀಲ ಬದಲಾಯಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಅಜ್ಜಿಯರು ಸಕ್ಕರೆ ಚೀಲದ ಬಟ್ಟೆಯನ್ನು ಕೌದಿಯ ಒಳಪದರಕ್ಕೆ ಎತ್ತಿಡುತ್ತಿದ್ದುದು ನೆನಪಾಗುತ್ತದಲ್ಲವೇ?

ಆ ಪುಸ್ತಕ ನೋಡಿ ನಾನು ಹೊಲಿದದ್ದು ಇನ್ನೊಂದು ಪಾಠ. ನಮ್ಮ ಕೌದಿಯಲ್ಲಿ ತುಂಡನ್ನು ಅಡಿಬಟ್ಟೆಯ ಮೇಲಿಟ್ಟು ಹೊಲಿಯುತ್ತೇವೆ. ಅವರ ಪದ್ಧತಿಯಲ್ಲಿ ಮೊದಲು ತುಂಡಿಗೆ ತುಂಡನ್ನು ಜೋಡಿಸಿ ಮೇಲ್ಪದರ ತಯಾರು ಮಾಡಿ, ಅನಂತರ ನಡುವೆ ಹತ್ತಿಯ ಹಾಸು ಇಟ್ಟು ಅಸ್ತರು ಸೇರಿಸುತ್ತಾರೆ. ಜೋಡಿಸುವಾಗ ಪ್ರತಿ ಅಂಚಿನಲ್ಲೂ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ನಾನು ನಾಲ್ಕಿಂಚಿನ ಹತ್ತು ಚೌಕಗಳನ್ನು ಸರಿಯಾಗಿ ನಾಲ್ಕಿಂಚಿಗೇ ಕತ್ತರಿಸಿದೆ. ನಲವತ್ತು ಇಂಚು ಬರಬೇಕಾದ ಸಾಲು ಮೂವತ್ತೈದಕ್ಕೆ ನಿಂತಿತು! ಆದ್ದರಿಂದ ಕಾಗದದ ನಮೂನೆ ಕಳಿಸುವಾಗ ಹೊಲಿಗೆಯ ಕಾಲು ಇಂಚು ಸೇರಿದೆಯೋ ಇಲ್ಲವೋ ಎಂದು ಅದರ ಮೇಲೇ ಬರೆದುಬಿಡಿ. ಚೌಕವನ್ನು ಕರ್ಣಕ್ಕೆ ಕತ್ತರಿಸಿ ಮುಕ್ಕೋನ ಮಾಡುವುದಾದರೆ ಚೌಕವನ್ನು ಬೇಕಾದ ಅಳತೆಗಿಂತ ಹೆಚ್ಚುಕಡಿಮೆ ಒಂದಿಂಚು ದೊಡ್ಡದಾಗಿಯೇ ತೆಗೆದುಕೊಳ್ಳಬೇಕು. ಎಂಟು ಮೂಲೆಯ ನಕ್ಷತ್ರ ಹೊಲಿಯುವ ಆಸೆಯುಳ್ಳವರು ಈ ಲೆಕ್ಕ ಮರೆತರೆ ಮೂಲೆಗಳೆಲ್ಲ ಮೊಂಡಾಗುತ್ತವೆ.

ಇನ್ನು ಕಳಿಸುವ ವಿಚಾರ. ನಾಲ್ಕೂ ಊರುಗಳ ಪಿನ್ ಸಂಖ್ಯೆ 573ರಿಂದಲೇ ಶುರುವಾಗುತ್ತದೆ. ದೂರ ಹೆಚ್ಚೆಂದರೆ ಎರಡು ಮೂರು ಗಂಟೆಯ ದಾರಿ. ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಆಗದೇ ಎಂದು ಮನೆಯ ಗಂಡಸರು ಕೇಳುತ್ತಾರೆ. ಆಗುತ್ತದೆ. ಆದರೆ ಬಸ್ ಸ್ಟ್ಯಾಂಡಿಗೆ ಹೋಗಿ ಕಾದು ನಿಂತು ತೆಗೆದುಕೊಳ್ಳುವವರು ಯಾರು? ಮತ್ತೆ ಅವರೇ. ಅವರಿಗೆ ಬಿಡುವಾದಾಗ ನಮ್ಮ ಬಟ್ಟೆ ಮನೆಗೆ ಬರಬೇಕು. ಅಂಚೆ ಹಾಗಲ್ಲ, ಹೆಸರು ಕೂಗಿ ನಮ್ಮ ಕೈಗೇ ಕೊಡುತ್ತದೆ. ಮದುವೆಯಾದ ಮೇಲೆ ‘ಇಂಥವರ ಹೆಂಡತಿ’, ‘ಇಂಥವನ ತಾಯಿ’ ಎಂದೇ ಕರೆಸಿಕೊಂಡವಳಿಗೆ ತನ್ನ ಹೆಸರು ಬಾಗಿಲಲ್ಲಿ ಕೇಳಿಸುವುದು ಸಣ್ಣ ಸಂತೋಷವೇನಲ್ಲ.

ಮೊದಲು ಪುಸ್ತಕಗಳನ್ನು ಬುಕ್ ಪೋಸ್ಟ್‌ನಲ್ಲಿ ಕಡಿಮೆ ಖರ್ಚಿಗೆ ಕಳಿಸುತ್ತಿದ್ದೆವು. ಕಟ್ಟಿನ ತುದಿ ತೆರೆದಿರಬೇಕು, ಒಳಗೆ ಖಾಸಗಿ ಪತ್ರ ಇರಬಾರದು ಎಂಬ ನಿಯಮ. ಹಾಗಾಗಿ ನಮ್ಮ ಸುದ್ದಿಯೆಲ್ಲ ಬಟ್ಟೆಯ ಪಾರ್ಸೆಲ್‌ನಲ್ಲೇ ಹೋಗುತ್ತಿತ್ತು. ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಪುಸ್ತಕ ಪ್ರಿಯರೆಲ್ಲ ಬೇಸರಪಟ್ಟರು. ನಾವೂ ಪಟ್ಟೆವು. 2025ರ ಮೇ 1ರಿಂದ ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಎಂಬ ಸೇವೆ ಆರಂಭಿಸಿತು. ಆರಂಭದಲ್ಲಿ ನಿಗದಿಯಾದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಪುಸ್ತಕ ಎಲ್ಲಿಗೆ ತಲಪಿದೆಯೆಂದು ನೋಡಲೂ ಬರುತ್ತದೆ. ಜಾಹೀರಾತು, ವ್ಯಾಪಾರದ ಕಾಗದಗಳಿಗೆ ಮಾತ್ರ ಅದರಲ್ಲಿ ಅವಕಾಶವಿಲ್ಲ. ಬಟ್ಟೆಯನ್ನಂತೂ ಪಾರ್ಸೆಲ್‌ನಲ್ಲೇ ಕಳಿಸಬೇಕು. ಈಗ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಟಿಸುವವರೇ ಹೆಚ್ಚು. ಆಪಾ ಮಾತ್ರ ಇಂದಿಗೂ ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿಯುತ್ತಾರೆ. ಆ ಬಟ್ಟೆಯೂ ಹಾಳಾಗುವುದಿಲ್ಲ. ನನ್ನ ಮನೆಯ ಎರಡು ಕೌದಿಗಳ ಒಳಪದರದಲ್ಲಿ ನನ್ನದೇ ವಿಳಾಸ ಹತ್ತಾರು ಸಲ ಹೊಲಿದುಹೋಗಿದೆ.

ಏನು ಕಳಿಸಬಾರದೆಂದೂ ಹೇಳಬೇಕು. ಬುರ್ಖಾ ಹೊಲಿದು ಉಳಿಯುವ ನಿದಾ ಬಟ್ಟೆ ಟೈಲರ್ ಮನೆಗಳಲ್ಲಿ ರಾಶಿ ಬಿದ್ದಿರುತ್ತದೆ. ಅದು ಪಾಲಿಯೆಸ್ಟರ್, ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಮಗು ಹೊದೆಯುವ ಕೌದಿಗೆ ಖಂಡಿತ ಬೇಡ. ಬಣ್ಣ ಬಿಡುವ ಕೆಂಪು, ಕಡುನೀಲಿ ಬಟ್ಟೆಯನ್ನು ಬೇರೆಯಾಗಿ ಎರಡು ಮೂರು ಸಲ ಒಗೆದೇ ಕಳಿಸಿ. ಹೊಸ ಬಟ್ಟೆಯಾದರೆ ನೀರಿಗೆ ಹಾಕಿ. ಅದರ ಫಲ ನಾನು ಉಂಡಿದ್ದೇನೆ.

ಇನ್ನೊಂದು ಮುಖ್ಯ ವಿಷಯ. ತೀರಿಕೊಂಡವರ ಬಟ್ಟೆ. ಅಮ್ಮನ ದುಪ್ಪಟ್ಟಾ, ಅಪ್ಪನ ಲುಂಗಿಯನ್ನು ಕೌದಿಗೆ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಮರಣಿಸಿದವರ ಸೂಜಿಯೂ ವಾರಸುದಾರರೆಲ್ಲರ ಸೊತ್ತು ಎಂಬುದನ್ನು ಮರೆಯಬಾರದು. ಹೊಳೆನರಸೀಪುರದವಳು ತನ್ನ ತಾಯಿ ತೀರಿಹೋದಾಗ ಕತ್ತರಿ ಹಿಡಿಯುವ ಮೊದಲು ಅಣ್ಣಂದಿರನ್ನೂ ಅಕ್ಕಂದಿರನ್ನೂ ಒಬ್ಬೊಬ್ಬರಾಗಿ ಕೇಳಿದಳು. ದಮ್ಮಾಮಿನ ತಂಗಿಗೂ ಫೋನು ಮಾಡಿದಳು. ಹಳೆಯ ದುಪ್ಪಟ್ಟಾಕ್ಕೆ ಇಷ್ಟೆಲ್ಲ ಏಕೆಂದು ಅಣ್ಣ ನಕ್ಕನಂತೆ. ಆದರೆ ತಂಗಿ ಫೋನಿನಲ್ಲೇ ಅತ್ತಳು. ತನಗೂ ಒಂದು ತುಂಡು ಇಡಲು ಹೇಳಿದಳು. ಕೇಳದೆ ಕತ್ತರಿಸಿದ್ದರೆ ಆ ತುಂಡು ಎಲ್ಲಿಂದ ಬರಬೇಕಿತ್ತು? ಈಗ ಆ ದುಪ್ಪಟ್ಟಾ ನಾಲ್ಕು ಕೌದಿಗಳಲ್ಲಿದೆ. ಒಂದು ನನ್ನದು.

ನಮ್ಮ ಹಾಸನದ ಕಾರ್ಖಾನೆಯಲ್ಲಿ ಹಿಮತ್‌ಸಿಂಗ್ಕಾದಂಥ ಕಂಪೆನಿ ಹಾಸಿಗೆ ಬಟ್ಟೆಗಳನ್ನು ತಯಾರಿಸಿ ಅಮೆರಿಕದವರೆಗೂ ಕಳಿಸುತ್ತದೆ. ಅಂಗಡಿಗೆ ಹೋದರೆ ಬೇಕಾದ ಹೊದಿಕೆ ಸಿಗುತ್ತದೆ. ಕೌದಿ ಹೊಲಿಯದಿದ್ದರೆ ಯಾರೂ ಚಳಿಗೆ ಸಾಯುವುದಿಲ್ಲ, ನಿಜ. ನನ್ನ ಮಗಳೇ ಇದನ್ನು ಹೇಳುತ್ತಾಳೆ. ಹೇಳುತ್ತಲೇ ಆಪಾರ ಕೌದಿಯನ್ನು ಎಳೆದುಕೊಂಡು ಹೊದೆಯುತ್ತಾಳೆ, ಅದು ಮೆತ್ತಗಿದೆಯಂತೆ. ಹಳೆಯ ಬಟ್ಟೆಗೆ ಬರುವ ಮೆತ್ತನೆ ಹೊಸದಕ್ಕೆ ಬರಲು ಹತ್ತು ವರ್ಷ ಯಾರಾದರೂ ಉಡಬೇಕು.

ಆಪಾರಿಗೆ ಈಗ ಕಣ್ಣು ಮಂಜು. ಸೂಜಿ ಪೋಣಿಸಲು ಮೊಮ್ಮಗಳು ಬೇಕು. ಕಳೆದ ಪಾರ್ಸೆಲ್‌ನಲ್ಲಿ ಬರೆದಿದ್ದ ಪೆನ್ಸಿಲ್ ಅಕ್ಷರಗಳು ಆ ಹುಡುಗಿಯವು, ಒತ್ತು ದೀರ್ಘಗಳೆಲ್ಲ ತಪ್ಪು. ಚನ್ನರಾಯಪಟ್ಟಣದವಳು ಅದನ್ನು ಕೇಳಿ ಹತ್ತು ಸೂಜಿಗಳಿಗೆ ಮುಂಚಿತವಾಗಿಯೇ ದಾರ ಪೋಣಿಸಿ, ರಟ್ಟಿಗೆ ಸುತ್ತಿ ಕಳಿಸುವ ಉಪಾಯ ಹೇಳಿದಳು. ತಿಂಗಳಿಗೊಬ್ಬರಂತೆ ಸರದಿ ಹಾಕಿಕೊಂಡಿದ್ದೇವೆ. ಈ ತಿಂಗಳು ನನ್ನದು. ಸೂಜಿ ಸಿದ್ಧವಾಗಿವೆ: ಆರು ಬಿಳಿ ದಾರ, ನಾಲ್ಕು ಕಪ್ಪು. ಸುತ್ತಲು ಬಿಳಿ ಬಟ್ಟೆ ಹುಡುಕುತ್ತಿದ್ದೇನೆ. ಸೋಮವಾರ ಅಂಚೆಗೆ ಹಾಕಬೇಕು.